ಒಳಗಿನ ಚಿಲಕ

ಒಳಗಡೆ ಚಿಲಕ ಇದೆಯೋ ಇಲ್ಲವೋ, ಎಷ್ಟು ತಿಣುಕಿದರೂ ರಂಗರಾಜುವಿಗೆ ನೆನಪಾಗಲಿಲ್ಲ. ಬಾಗಿಲೇನೋ ಕಣ್ಣ ಮುಂದೆ ಬರುತ್ತಿತ್ತು: ದಪ್ಪ ತಗಡಿನ ಬಾಗಿಲು, ಅದಕ್ಕೆ ಬಳಿದ ಇಟ್ಟಿಗೆ ಕೆಂಪಿನ ಬಣ್ಣ, ಹೊರಗಡೆ ಎರಡೂ ಕೈ ಹಾಕಿ ಎಳೆಯಬೇಕಾದಂಥ ಕಬ್ಬಿಣದ ಅಗುಳಿ. ಆದರೆ ಮನಸ್ಸಿನಲ್ಲೇ ಅದನ್ನು ತೆರೆದು, ಒಳಗೆ ಹೋಗಿ, ತಿರುಗಿ ನಿಂತು ನೋಡಹೊರಟರೆ ಬರೀ ಕತ್ತಲೆ. ತಾನೇ ನಿಂತು ಕಟ್ಟಿಸಿದ ಕೋಣೆ, ತಾನೇ ಹೇಳಿ ಮಾಡಿಸಿದ ಬಾಗಿಲು, ಅದರ ಒಂದು ಮಗ್ಗುಲು ಮಾತ್ರ ನೆನಪಿದ್ದು ಇನ್ನೊಂದು ಮಗ್ಗುಲು ಅಳಿಸಿಹೋಗುವುದೆಂದರೇನು? ನಿನ್ನೆ ಸಂಜೆ ಮಧುಗಿರಿಯ ಆಸ್ಪತ್ರೆಯಿಂದ ಮಗಳು ದಿವ್ಯ ಫೋನು ಮಾಡಿದ್ದಳು. ಮಗು ಹಾಲು ಕುಡಿಯುತ್ತಿದೆ, ನಾಳೆ ಮನೆಗೆ ಕಳಿಸುತ್ತಾರಂತೆ, ಆಸ್ಪತ್ರೆಯ ಗಾಡಿಯಲ್ಲೇ ಬಿಡುತ್ತಾರಂತೆ ಎಂದೆಲ್ಲ ಹೇಳಿ, ಕೊನೆಗೆ ಪಕ್ಕದ ಮಂಚದವರಿಗೆ ಕೇಳಿಸಬಾರದೆಂಬಂತೆ ದನಿ ತಗ್ಗಿಸಿ, “ಅಪ್ಪ, ಆ ರೂಮಿಗೆ ಒಳಗಿಂದ ಚಿಲಕ ಐತಾ?” ಎಂದಿದ್ದಳು. “ಐತೆ ಕಣಮ್ಮ, ಇಲ್ದೆ ಏನು?” ಎಂದು ಇವನು ತಟ್ಟನೆ ಹೇಳಿಬಿಟ್ಟಿದ್ದ. “ಸರಿ ಬುಡು” ಎಂದು ಅವಳು ಫೋನಿಟ್ಟಿದ್ದಳು.

ಆ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ನಿಂತಿತ್ತು. ಅದನ್ನು ಅವಳು ಕೇಳದಿರಲಿ ಎಂದೇ ಅವನು ಅಷ್ಟು ಅವಸರದಲ್ಲಿ ಉತ್ತರ ಕೊಟ್ಟದ್ದು. ಅವರ ಹಟ್ಟಿಯಲ್ಲಿ ಹೆತ್ತ ಹೆಂಗಸು ಹಸಿಮಗುವನ್ನೆತ್ತಿಕೊಂಡು ಮನೆಯೊಳಗೆ ಕಾಲಿಡುವಂತಿಲ್ಲ. ಸೂತಕ ಕಳೆದು ಗುಡಿಯ ನೀರು ಮೈಮೇಲೆ ಬೀಳುವವರೆಗೆ ಬೇಲಿಯಾಚೆ, ಗಡಿಗೆಂದು ನೆಟ್ಟ ಕಲ್ಲಿನಾಚೆ ಇರಬೇಕು. ಅವರನ್ನು ಮುಟ್ಟಿದವರೂ ಆಚೆಯೇ ಉಳಿಯಬೇಕು. ಅಜ್ಜಂದಿರ ಕಾಲದಿಂದ ಅಲ್ಲೊಂದು ಗುಡ್ಲು ಇರುತ್ತಿತ್ತು. ಬಂದರೆ ಗಿಡದ ಸೊಪ್ಪು, ಜೋಳದ ದಂಟು, ಮೇಲೊಂದು ಹರಿದ ಟಾರ್ಪಾಲು. ಪ್ರತಿ ಹೆರಿಗೆಗೂ ಹೊಸದಾಗಿ ಕಟ್ಟುವುದು, ಗಾಳಿ ಅದನ್ನು ಕಿತ್ತುಕೊಂಡು ಹೋಗುವುದು. ಈಗ ಅದೇ ಜಾಗದಲ್ಲಿ ರಂಗರಾಜು ಕಟ್ಟಿಸಿದ ಕೋಣೆ ನಿಂತಿದೆ. ಸಿಮೆಂಟ್ ಇಟ್ಟಿಗೆಯ ಗೋಡೆ, ಸಿಮೆಂಟಿನ ನೆಲ, ಮೇಲೆ ತಾರಸಿ. ಬೇರೆ ಹಟ್ಟಿಗಳವರು ಬಂದು ಗೋಡೆಯನ್ನು ಮುಷ್ಟಿಯಿಂದ ಗುದ್ದಿ ನೋಡಿ, ತಲೆದೂಗಿ ಹೋದರು. ಹಟ್ಟಿಯ ಯಜಮಾನ ಕ್ಯಾತಪ್ಪ ಎಲ್ಲರೆದುರಿಗೆ ಇವನ ಹೆಗಲ ಮೇಲೆ ಕೈಯಿಟ್ಟು, “ಲೇ ರಂಗ, ನಿಮ್ಮಪ್ಪ ಕುರಿ ಕಾದ. ನೀನು ಹಟ್ಟಿ ಮಾನ ಕಾದೆ ಕಣ್ಲಾ” ಎಂದಾಗ ರಂಗರಾಜುವಿಗೆ ಎದೆ ಉಬ್ಬಿದ್ದು ಸುಳ್ಳಲ್ಲ. ಇನ್ನು ಮೇಲೆ ಯಾರ ಮಗುವೂ ನೆನೆಯುವುದಿಲ್ಲ ಎಂದುಕೊಂಡಿದ್ದ. ಯಾರ ಮಗುವೂ, ಎಂದುಕೊಳ್ಳುವಾಗ ಅವನಿಗೆ ಒಂದೇ ಮಗುವಿನ ಮುಖ ಕಣ್ಣಿಗೆ ಕಟ್ಟಿತ್ತು. ಸರಿಯಾಗಿ ಹೇಳಬೇಕೆಂದರೆ ಮುಖವೂ ಅಲ್ಲ, ಒದ್ದೆ ಬಟ್ಟೆಯ ಗಂಟು.

“ಮೇಸ್ತ್ರೀ, ನಿಂತ್ಕಂಡೇ ನಿದ್ದೆ ಮಾಡ್ತಾ ಇದೀರಾ?” ಹಮಾಲಿ ಯೋಗೀಶ ಹೆಗಲ ಮೇಲಿನ ಚೀಲದ ಕೆಳಗಿಂದ ಕೂಗಿದ. ರಂಗರಾಜು ಪಕ್ಕಕ್ಕೆ ಸರಿದ. ರೈಲು ಬಂದು ನಿಂತು ಬಹಳ ಹೊತ್ತಾಗಿತ್ತು. ಹೊಸ ದಾರಿಯ ಹಳಿ ಪಾವಗಡದ ಹತ್ತಿರ ಬಂದು, ಅಲ್ಲಿಗೇ ಮುಗಿದು, ಮುಂದೆ ಮಧುಗಿರಿ ಕೊರಟಗೆರೆಗಳ ದಿಕ್ಕಿಗೆ ಬರೀ ಕೆಮ್ಮಣ್ಣಿನ ಏರಿ ಬಿದ್ದುಕೊಂಡಿತ್ತು. ಹಳಿ ಮುಗಿಯುವುದಕ್ಕೆ ಒಂದಷ್ಟು ಈಚೆಗೆ ತಗಡಿನ ಸೂರಿನ ಈ ಗೂಡ್ಸ್ ಶೆಡ್ಡು. ಒಂದು ಸಲ ತೆರೆದ ವ್ಯಾಗನ್ನುಗಳಲ್ಲಿ ಹಳಿಯಡಿ ಹಾಸುವ ಕಾಂಕ್ರೀಟಿನ ಸ್ಲೀಪರುಗಳು ಬರುತ್ತವೆ; ಕ್ರೇನು ಅವನ್ನು ಎತ್ತಿ ಏರಿಯ ಬುಡದಲ್ಲಿ ಹೆಣಗಳ ಹಾಗೆ ಒತ್ತಾಗಿ ಮಲಗಿಸುತ್ತದೆ. ಇನ್ನೊಂದು ಸಲ ಮುಚ್ಚಿದ ವ್ಯಾಗನ್ನುಗಳಲ್ಲಿ ಸಿಮೆಂಟು ಚೀಲ. ಕೆಲವು ಸಲ ಚೀಲ ಇನ್ನೂ ಬೆಚ್ಚಗಿರುತ್ತದೆ, ಹೊತ್ತವನ ಬೆನ್ನಿಗೆ ಜ್ವರದ ಮಗುವನ್ನು ಹೊತ್ತಂತೆ ತಾಕುತ್ತದೆ. ಪ್ಲಾಟ್‌ಫಾರಂ ಗಿಡ್ಡ, ರೈಲು ಉದ್ದ. ಹಾಗಾಗಿ ಮೊದಲು ಮುಂದಿನ ಅರ್ಧ ಖಾಲಿ ಮಾಡಿ, ಖಾಲಿಯಾದ ವ್ಯಾಗನ್ನುಗಳ ಬಾಗಿಲು ಮುಚ್ಚಿ, ಎಂಜಿನ್ನು ರೈಲನ್ನು ಮುಂದಕ್ಕೆ ಎಳೆದ ಮೇಲೆ ಉಳಿದರ್ಧಕ್ಕೆ ಕೈ ಹಾಕಬೇಕು. ತಡವಾದರೆ ರೈಲ್ವೆಯವರು ದಂಡ ಹಾಕುತ್ತಾರೆ, ದಂಡ ಬಿದ್ದರೆ ಕಂಟ್ರಾಕ್ಟರ್ ರೇಣುಕಯ್ಯ ಫೋನಿನಲ್ಲೇ ಮೇಸ್ತ್ರಿಯ ಅಪ್ಪ ಅಮ್ಮನನ್ನೆಲ್ಲ ಎಳೆದು ಬೈಯುತ್ತಾನೆ. ಬೈಸಿಕೊಳ್ಳುವುದೂ ಮೇಸ್ತ್ರಿಗಿರಿಯ ಒಂದು ಭಾಗವೇ. ಚೀಲ ಹೊರುವ ಕಾಲದಲ್ಲಿ ಅವನ ಕುತ್ತಿಗೆ ಸವೆದಿತ್ತು. ಈಗ ಕಿವಿ ಸವೆಯುತ್ತಿತ್ತು.

ಖಾಲಿಯಾದ ಪ್ರತಿ ವ್ಯಾಗನ್ನಿಗೂ ಮೊದಲು ಮೇಸ್ತ್ರಿ ಹತ್ತಿ ಮೂಲೆಮೂಲೆಗೆ ಟಾರ್ಚು ಬಿಟ್ಟು ಚೀಲ ಉಳಿದಿಲ್ಲವೆಂದು ನೋಡಬೇಕು. ಆಮೇಲೆ ಇಂದ್ರಮ್ಮ ಮತ್ತವಳ ಜೊತೆಯ ಹೆಂಗಸರು ಮೋಟು ಪೊರಕೆ ಹಿಡಿದು ಹತ್ತುತ್ತಾರೆ. ಒಡೆದ ಚೀಲಗಳಿಂದ ಸೋರಿ ನೆಲದಲ್ಲಿ ಉಳಿದ ಸಿಮೆಂಟು ಗುಡಿಸಿದವರದ್ದು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೆ ಕಂಟ್ರಾಕ್ಟರೂ ಇದಕ್ಕೆ ಕೈ ಹಾಕುವುದಿಲ್ಲ. ಜರಡಿ ಹಿಡಿದು, ಕಲ್ಲು ತುಕ್ಕು ಆರಿಸಿ, ಹಳೇ ಚೀಲಕ್ಕೆ ತುಂಬಿ ಅವರು ತಲೆಯ ಮೇಲೆ ಹೊತ್ತೊಯ್ಯುತ್ತಾರೆ. ಅವರ ಕೇರಿಯ ಎಷ್ಟೋ ಮನೆಗಳ ನೆಲ, ಒಲೆ, ಬಚ್ಚಲ ಕಟ್ಟೆ ಎಲ್ಲ ರೈಲಿನ ಕಸವೇ. ಹೋದ ಬೇಸಗೆಯಲ್ಲಿ ರಂಗರಾಜು ಅವಳ ಮುಂದೆ ನಿಂತು, “ಇಂದ್ರಮ್ಮ, ನಮ್ಮ ಹಟ್ಟೀಲಿ ಬಾಣಂತೇರಿಗೆ ಅಂತ ಒಂದು ಮನೆ ಕಟ್ಟಾಣ ಅಂತ” ಎಂದು ಎಳೆದಾಗ, ಅವಳು ಮಾತು ಮುಗಿಯಲೂ ಬಿಟ್ಟಿರಲಿಲ್ಲ. “ತಗಳಿ ಮೇಸ್ತ್ರಿ, ಬಾಣಂತಿ ಅಂದ್ಮೇಲೆ ಕೇಳ್ಬೇಕಾ? ಮಳೆಗಾಲ ಬರೋಗಂಟ ಗುಡ್ಸಿದ್ದೆಲ್ಲ ನಿಮ್ದೇ” ಎಂದು, ಉಳಿದ ಹೆಂಗಸರನ್ನೂ ಒಪ್ಪಿಸಿದ್ದಳು. ತಾರಸಿಗೆ ಮಾತ್ರ ಹೊಸ ಚೀಲ. ಗೋಡೆ ನೆಲ ಎಲ್ಲ ಆ ಹೆಂಗಸರು ಬಗ್ಗಿ ಗುಡಿಸಿದ್ದು. ಅಂದಿನಿಂದ ಅವಳು ಕಂಡಾಗಲೆಲ್ಲ “ನಮ್ಮ ಮನೆ ಎಲ್ಲೀಗಂಟ ಬಂತು?” ಎನ್ನುತ್ತಿದ್ದಳು, ಮುಗಿದ ಮೇಲೆ “ಒಂದ್ಸಲ ತೋರ್ಸಿ ಮೇಸ್ತ್ರಿ” ಎನ್ನತೊಡಗಿದ್ದಳು. ನಾಳೆ, ಮುಂದಿನ ವಾರ, ಹಬ್ಬ ಕಳೀಲಿ ಎಂದು ಇವನು ನುಣುಚಿಕೊಳ್ಳುತ್ತಲೇ ಇದ್ದ. ಇಂದು ಬೆಳಿಗ್ಗೆಯೂ ದೂರದಿಂದಲೇ ಅವಳನ್ನು ಕಂಡು ರೈಲಿನ ಇನ್ನೊಂದು ತುದಿಗೆ ನಡೆದಿದ್ದ, ಸಾಲ ಮಾಡಿದವನ ಹಾಗೆ.

ಆ ತುದಿಯ ವ್ಯಾಗನ್ನೊಂದಕ್ಕೆ ಹತ್ತಿದವನು ಟಾರ್ಚು ಬಿಟ್ಟು ಮೂಲೆ ನೋಡಿದ. ಚೀಲ ಇರಲಿಲ್ಲ. ಇಳಿಯಬಹುದಿತ್ತು. ಆದರೆ ಒಳಗಿನ ಮಬ್ಬು, ಮೇಲೆ ಬಿಸಿಲಿಗೆ ಟಿಕ್ ಟಿಕ್ ಎನ್ನುತ್ತಿದ್ದ ಕಬ್ಬಿಣ, ಗಾಳಿಯಲ್ಲಿ ತೇಲುವ ಬೂದು ಪುಡಿ ಎಲ್ಲವೂ ಸೇರಿ ಅವನಿಗೆ ಹೊರಗಿನ ಗದ್ದಲದಿಂದ ಸ್ವಲ್ಪ ಹೊತ್ತು ತಪ್ಪಿಸಿಕೊಂಡಂತೆ ಆಯಿತು. ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತ. ವರ್ಷಗಳ ಹಿಂದಿನ ಆ ಸಂಜೆ ನೆನಪಿಗೆ ಬಂತು. ದೀಪ ಹಚ್ಚುವ ಹೊತ್ತು. ಚಿತ್ತೆಯ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಅವನ ಹೆಂಡತಿ ಗೌರಕ್ಕ, ಚೊಚ್ಚಲ ಬಾಣಂತಿ, ಗುಡ್ಲಿನಲ್ಲಿದ್ದಳು. ದಿವ್ಯ ಇನ್ನೂ ಹುಟ್ಟಿರಲಿಲ್ಲ, ಅವಳಿಗಿಂತ ಮೊದಲಿನ ಗಂಡು ಅದು. ಬೆಳಿಗ್ಗೆ ಇವನು ಗಡಿ ಕಲ್ಲಿನ ಹತ್ತಿರ ಮುದ್ದೆಯ ತಟ್ಟೆ ಇಟ್ಟು ಹಿಂದಕ್ಕೆ ಸರಿದಾಗ ಅವಳು ಬಂದು ತೆಗೆದುಕೊಂಡು, “ವಸಿ ನೋಡು, ನಿನ್ನಂಗೇ ಹುಬ್ಬು” ಎಂದು ಮಗುವನ್ನು ದೂರದಿಂದ ಎತ್ತಿ ತೋರಿಸಿದ್ದಳು. ಹುಬ್ಬು ಕಾಣುವಷ್ಟು ಹತ್ತಿರ ಇವನು ಇರಲಿಲ್ಲ. ಕಂಡಿತು ಎಂದಿದ್ದ. ಸಂಜೆ ಗಾಳಿಗೆ ಟಾರ್ಪಾಲು ಹಾರಿಹೋಗಿರಬೇಕು. ಮನೆಯ ಬಾಗಿಲು ದಬದಬ ಬಡಿದ ಸದ್ದು. “ಬಾಗ್ಲು ತಗಿ, ಮಗೀಗೆ ಚಳಿ ಆಯ್ತೈತೆ, ನನ್ನ ಬುಟ್ಬುಡು, ಮಗೀನ ಒಳಕ್ಕೆ ತಕ್ಕ.” ಅವನು ಎದ್ದು ಬಾಗಿಲವರೆಗೂ ಬಂದಿದ್ದ. ಕೈ ಚಿಲಕದ ಮೇಲಿತ್ತು. ಒಳಗೆ ಅವ್ವ ದೇವರ ಗೂಡಿನ ಮುಂದೆ ನಿಂತು, ಬಾಯಿ ಬಿಡದೆ ತಲೆ ಮಾತ್ರ ಅಡ್ಡಡ್ಡ ಆಡಿಸುತ್ತಿದ್ದಳು. ಚಿಲಕ ತಣ್ಣಗಿತ್ತು. ಅದನ್ನು ಎಳೆಯುವುದಕ್ಕೆ ಎಷ್ಟು ಬಲ ಬೇಕು? ಒಂದು ಬೆರಳು ಸಾಕು. ಆ ಬೆರಳನ್ನು ಆಡಿಸದೆ, “ಕ್ಯಾತಪ್ಪನ ಕೊಟ್ಗೆ ಹಿಂದ್ಗಡೆ ನಿಂತ್ಕೋ ಹೋಗೇ, ಮಳೆ ನಿಲ್ತೈತೆ” ಎಂದಿದ್ದ. ಮಳೆ ನಿಂತಿತು. ಬೆಳಿಗ್ಗೆ ಬಿಸಿಲೂ ಚೆನ್ನಾಗಿಯೇ ಬಂದಿತ್ತು.

ಗಡಗಡ ಎಂದು ಸದ್ದಾಯಿತು. ಬೆಳಕು ಚೂಪಾಗುತ್ತ ಬಂದು, ಒಂದು ಗೆರೆಯಾಗಿ, ಇಲ್ಲವಾಯಿತು. ಹೊರಗೆ ಅಗುಳಿ ಬಿದ್ದದ್ದು ಕೇಳಿಸಿತು. ಏನಾಯಿತೆಂದು ತಿಳಿಯಲು ಅವನಿಗೆ ಒಂದು ಗಳಿಗೆ ಹಿಡಿಯಿತು: ಖಾಲಿ ವ್ಯಾಗನ್ನುಗಳ ಬಾಗಿಲು ಮುಚ್ಚುತ್ತ ಬಂದ ಯೋಗೀಶ ಇದನ್ನೂ ಮುಚ್ಚಿದ್ದಾನೆ, ಈಗ ಎಂಜಿನ್ನು ಎಳೆಯುತ್ತದೆ. ಎದ್ದು ಬಾಗಿಲು ಗುದ್ದಿದ. “ಲೇ ಯೋಗೀಶ! ಲೇ!” ಎಂಜಿನ್ನಿನ ಸೀಟಿ ಅವನ ದನಿಯನ್ನು ನುಂಗಿತು. ರೈಲು ಎಳೆದ ಏಟಿಗೆ ಮುಗ್ಗರಿಸಿ ಬಿದ್ದ, ಟಾರ್ಚು ಕೈಯಿಂದ ಹಾರಿ ಎಲ್ಲೋ ಉರುಳಿ ಆರಿತು. ಎಳೆಯುವ ಕುಲುಕಾಟಕ್ಕೆ ನೆಲದ ಸಿಮೆಂಟೆಲ್ಲ ಎದ್ದು ಮೂಗು ಬಾಯಿ ತುಂಬಿಕೊಂಡಿತು. ತಡವರಿಸುತ್ತ ಬಾಗಿಲಿನ ಹತ್ತಿರ ತೆವಳಿ ಅಂಗೈಯಿಂದ ಒರೆಸಿ ಒರೆಸಿ ಹುಡುಕಿದ. ಬರೀ ತಗಡು. ರಿವೆಟ್ಟಿನ ಗುಬುಟು. ಹಿಡಿಯಲು ಏನೂ ಇರಲಿಲ್ಲ. ಇಷ್ಟು ವರ್ಷ ಸಾವಿರ ಸಲ ಹತ್ತಿ ಇಳಿದವನಿಗೆ ವ್ಯಾಗನ್ನಿನ ಬಾಗಿಲಿಗೆ ಒಳಗಡೆ ಚಿಲಕವಿಲ್ಲವೆಂಬುದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಯಾಕಿರಬೇಕು? ಒಳಗಿರುವುದು ಸರಕು. ಸರಕು ಎದ್ದು ಬಾಗಿಲು ತೆಗೆಯುವುದಿಲ್ಲ. ಆಗ, ಆ ಕಗ್ಗತ್ತಲಲ್ಲಿ, ಉಸಿರು ಕಟ್ಟಿ ಕೆಮ್ಮುತ್ತಿದ್ದವನಿಗೆ, ಬೆಳಗಿನಿಂದ ಹುಡುಕುತ್ತಿದ್ದ ಬಾಗಿಲಿನ ಇನ್ನೊಂದು ಮಗ್ಗುಲು ತಟ್ಟನೆ ಕಂಡಿತು. ಪಾವಗಡದ ವೆಲ್ಡಿಂಗ್ ಅಂಗಡಿ. ಗೌರೀಶ್ ಅಳತೆಯ ಟೇಪು ಹಿಡಿದು ಕೂತಿದ್ದಾನೆ. ಇವನು ದೊಡ್ಡ ದನಿಯಲ್ಲಿ ಹೇಳುತ್ತಿದ್ದಾನೆ: “ನಮ್ಮ ರೈಲು ವ್ಯಾಗನ್ ಐತಲ್ಲಪ್ಪ, ಆ ಥರ ಮಾಡ್ಕೊಡು, ಗಟ್ಟಿ.” ಗೌರೀಶ್ ತೆಲುಗಿನಲ್ಲಿ ಕೇಳುತ್ತಿದ್ದಾನೆ, “ಲೋಪಲ ಗಡಿಯ ವದ್ದಾ ಮೇಸ್ತ್ರಿ?” ಒಳಗೆ ಚಿಲಕ ಬೇಡವೇ ಎಂದು. ಇವನು ನಗುತ್ತ ಹೇಳುತ್ತಾನೆ: “ಒಳಗಡೆ ಯಾರಪ್ಪ ಹಾಕ್ಕಂಬೋರು? ನಾಯಿ ನರಿ ನುಗ್ಗದಂಗೆ ಹೊರಗಿಂದ ಬಿಗಿಯಾಗಿರ್ಲಿ, ಸಾಕು.”

ರೈಲು ನಿಂತ ಮೇಲೂ ಅವನು ಗುದ್ದುತ್ತಲೇ ಇದ್ದ. ಹಮಾಲಿಗಳೆಲ್ಲ ಹಿಂದಿನ ವ್ಯಾಗನ್ನುಗಳ ಕಡೆ ಓಡಿದ್ದರು. ಕಡೆಗೆ ಅಗುಳಿ ಎತ್ತಿದ ಸದ್ದಾಗಿ ಬೆಳಕು ಮುಖಕ್ಕೆ ಹೊಡೆಯಿತು. ಪೊರಕೆ ಹಿಡಿದ ಇಂದ್ರಮ್ಮ ನಿಂತಿದ್ದಳು. “ಅಯ್ಯೋ ಶಿವನೇ! ಮೇಸ್ತ್ರೀನೂ ಲೋಡ್ ಮಾಡ್ಬುಟ್ಟಿದ್ರಾ!” ಅವಳ ಕೂಗಿಗೆ ಯೋಗೀಶನೂ ಇನ್ನಿಬ್ಬರೂ ಓಡಿಬಂದರು. ತಲೆಯಿಂದ ಕಾಲಿನವರೆಗೆ ಬೂದಿ ಬಳಿದಂತೆ ನಿಂತ ಇವನನ್ನು ಕಂಡು ಮೊದಲು ಹೆದರಿ, ಆಮೇಲೆ ತಡೆಯಲಾರದೆ ನಕ್ಕರು. “ವಾಪಸ್ ಫ್ಯಾಕ್ಟ್ರಿಗೆ ಕಳಿಸ್ತಿದ್ವಲ್ಲೋ! ಡ್ಯಾಮೇಜ್ ಮಾಲು ಅಂತ!” “ಬ್ಯಾಡ್ರಲಾ, ಮೇಸ್ತ್ರಿ ಮೇಲೆ ನೀರು ಬೀಳಂಗಿಲ್ಲ ಈಗ, ಅಂಗೇ ಗಟ್ಟಿ ಆಗ್ಬುಡ್ತಾರೆ!” ರಂಗರಾಜುವೂ ನಗಲು ನೋಡಿದ. ಆಗಲೇ ಪ್ಯಾಂಟಿನ ಮುಂಭಾಗ ತಣ್ಣಗೆ ಅಂಟಿಕೊಂಡದ್ದು ಅರಿವಿಗೆ ಬಂತು. ಯಾವಾಗ ಆಯಿತೋ ಗೊತ್ತಿಲ್ಲ. ಬಗ್ಗಿ, ಬಟ್ಟೆ ಕೊಡವುವವನಂತೆ, ಒಂದು ಹಿಡಿ ಪುಡಿ ತೆಗೆದು ಒದ್ದೆಯ ಮೇಲೆ ಒತ್ತಿಕೊಂಡ. ಅದು ಅಲ್ಲೇ ಕೆಸರಾಗಿ ಕಪ್ಪಗೆ ಮೆತ್ತಿತು. ಇಂದ್ರಮ್ಮ ನೋಡಿದಳು. ತನ್ನ ಖಾಲಿ ಚೀಲವನ್ನು ಅವನ ಕೈಗೆ ಕೊಟ್ಟು, “ಇದ ಹಿಡ್ಕಂಡು ಬಾರಯ್ಯ ಮೇಸ್ತ್ರಿ, ಆ ನೆಳ್ಳಿಗೆ” ಎಂದು, ಹಮಾಲಿಗಳ ಕಡೆ ತಿರುಗಿ ಪೊರಕೆ ಎತ್ತಿದಳು: “ನಡೀರೋ ನಿಮ್ಮ ಕೆಲಸ ನೋಡ್ಕಳಿ! ಬಾಗ್ಲು ಮುಚ್ಚೋಕೆ ಮುಂಚೆ ಒಳಗ್ಯಾರವ್ರೆ ಅಂತ ನೋಡೋ ಕಣ್ಣಿಲ್ಲ, ಹಲ್ಲು ಮಾತ್ರ ಎಲ್ಲಾ ಐತೆ.”

ಸ್ಲೀಪರುಗಳ ಒಟ್ಟಿಲಿನ ನೆರಳಲ್ಲಿ ಅವಳು ಅವನಿಗೆ ನೀರು ಕೊಟ್ಟಳು. ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ಚೂರು ಬೆಲ್ಲ ಕೊಟ್ಟಳು, ಸಿಮೆಂಟು ಒಳಗೆ ಹೋದಾಗ ಅಲ್ಲಿ ಎಲ್ಲರೂ ತಿನ್ನುವಂತೆ. ಅವನು ಚೀಲವನ್ನು ತೊಡೆಯ ಮೇಲೆ ಹಾಸಿಕೊಂಡು ಕೂತಿದ್ದ. “ಇವತ್ತು ಮಗಳು ಬತ್ತಾಳಂತಲ್ಲ, ಯೋಗೀಶ ಅಂದ” ಎಂದಳು. “ನಮ್ಮ ಮನೆಗೆ ಮೊದಲ್ನೇ ಬಾಣಂತಿ ನಿಮ್ಮ ಮಗಳೇ ಆದ್ಲು ನೋಡಿ. ಗೋಡೆಗೆ ಸುಣ್ಣ ಗಿಣ್ಣ ಬಳ್ಸಿದ್ರಾ?” ಅವಳ ಕೈಯ ಗೆರೆಗಳೆಲ್ಲ ಸಿಮೆಂಟು ತಿಂದು ಬಿರಿದಿದ್ದವು, ಬಿರುಕಿನಲ್ಲಿ ಕೊಬ್ಬರಿ ಎಣ್ಣೆ ಮಿಂಚುತ್ತಿತ್ತು. ಆ ಕೈಯನ್ನೇ ನೋಡುತ್ತ ಅವನು, “ಅದು ಹಟ್ಟಿ ಹೊರಗೈತೆ ಇಂದ್ರಮ್ಮ” ಎಂದ. “ಹೊರಗೇ ಗಾಳಿ ಚೆಂದ” ಎಂದಳು ಅವಳು. “ಅಂಗಲ್ಲ. ಹೊರಗಿಡಾಕೆ ಅಂತಲೇ ಕಟ್ಟಿರೋದು. ಮೈಲಿಗೆ ಅಂತ. ಹೆತ್ತೋರು ಮನೆಗೆ ಬರಂಗಿಲ್ಲ ನಮ್ಮಲ್ಲಿ.” ಅವಳು ತನ್ನ ಬಾಯಿಗೆ ಹಾಕಿಕೊಳ್ಳಲಿದ್ದ ಇನ್ನೊಂದು ಚೂರು ಬೆಲ್ಲವನ್ನು ಕೈಯಲ್ಲೇ ಹಿಡಿದಳು. ಕ್ರೇನಿನ ಸದ್ದು ಬಂತು, ನಿಂತಿತು. “ನಮ್ಮ ಕೇರಿನೂ ಊರ ಹೊರಗೇ ಐತೆ ಮೇಸ್ತ್ರಿ” ಎಂದಳು ಬಹಳ ಮೆಲ್ಲಗೆ. “ಆದ್ರೆ ನಮ್ಮನ್ನ ಹೊರಗಿಟ್ಟೋರು ಬ್ಯಾರೇರು. ಅವರ ಮಕ ನೋಡಿ ಉಗಿಯಾಕಾದ್ರೂ ಆಯ್ತದೆ. ನೀವು ನಿಮ್ಮ ಕೂಸನ್ನೇ ಇಡ್ತೀರಲ್ಲಯ್ಯ. ಅದು ಯಾರ ಮಕಕ್ಕೆ ಉಗೀಬೇಕು?” ಅವನು ಬಾಯಿ ತೆರೆದ. “ಮೊದ್ಲು ಗುಡ್ಲಿತ್ತು, ಮಳೆಗೆ ಸೋರ್ತಿತ್ತು. ಅದ್ಕೇ...” “ಗುಡ್ಲಾಗಿದ್ರೆ ಗಾಳಿಗೆ ಹೋಗ್ತಿತ್ತು” ಎಂದು ಅವಳು ಎದ್ದು ನಿಂತಳು. “ಒಂದಲ್ಲ ಒಂದಿನ ಕಟ್ಟಾಕೆ ಬ್ಯಾಸರ ಆಗಿ ಬುಟ್ಬುಡ್ತಿದ್ರಿ. ನೀವು ಸಿಮೆಂಟ್ ಹಾಕ್ಬುಟ್ರಿ. ನಾನು ಬಗ್ಗಿ ಬಗ್ಗಿ ಗುಡಿಸಿದ ಸಿಮೆಂಟು. ಇಂಥದ್ಕೆ ಅಂತ ಹೇಳಿದ್ದಿದ್ರೆ ಆ ಕಸಾನ ಗಾಳೀಗ್ ತೂರ್ತಿದ್ದೆ, ನಿಮಗೆ ಕೊಡ್ತಿರ್ಲಿಲ್ಲ.” ಪೊರಕೆಯನ್ನು ಕಂಕುಳಿಗೆ ಸಿಕ್ಕಿಸಿ ವ್ಯಾಗನ್ನುಗಳ ಕಡೆ ನಡೆದಳು. ಎರಡು ಹೆಜ್ಜೆ ಹೋದವಳು ತಿರುಗಿ, “ಚೀಲ ಇಟ್ಕಳಿ. ಬಸ್ಸಲ್ಲಿ ಬೇಕಾಯ್ತದೆ” ಎಂದಳು. ಅದೇ ಅವನನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟಿತು.

ಯೋಗೀಶನಿಗೆ ಉಳಿದ ಕೆಲಸ ಒಪ್ಪಿಸಿ ಅವನು ಪಾವಗಡದ ಬಸ್ ಸ್ಟ್ಯಾಂಡಿಗೆ ಬಂದ. ಬಸ್ಸಿಗೆ ಮೊದಲು ವೆಲ್ಡಿಂಗ್ ಅಂಗಡಿಗೆ ಹೋದ. ಒಂದು ಚಿಲಕ ಕೊಡು, ನಿನ್ನ ಬಾಗಿಲಿಗೆ ಒಳಗಡೆ ಬೆಸೆಯಬೇಕು ಎಂದ. ಗೌರೀಶ್ ಕನ್ನಡಕ ಮೇಲೆತ್ತಿ, “ಬೆಸ್ಯಾಕೆ ಕರೆಂಟ್ ಬೇಕು ಮೇಸ್ತ್ರಿ, ಆ ರೂಮಲ್ಲಿ ಕರೆಂಟುಂದಾ?” ಎಂದ. ಕರೆಂಟು ಇರಲಿಲ್ಲ. ಅದರ ಬಗ್ಗೆ ಇದುವರೆಗೆ ಯಾರೂ ಕೇಳಿರಲಿಲ್ಲ, ಗೋಡೆ ಗುದ್ದಿ ನೋಡಿದವರೂ ಕೇಳಿರಲಿಲ್ಲ. ಆದರೂ ಚಿಲಕ ಕೊಂಡು ಜೇಬಿಗೆ ಹಾಕಿಕೊಂಡ. ಬಸ್ಸಿನಲ್ಲಿ ಸಿಮೆಂಟಿನ ಮೈಯವನ ಪಕ್ಕ ಯಾರೂ ಕೂರಲಿಲ್ಲ. ಒಬ್ಬಾಕೆ ಸೀರೆ ಒತ್ತಿ ಹಿಡಿದು ಆಚೆ ಸರಿದಳು. ಅವನು ಜೇಬಿನೊಳಗೆ ಕೈಬಿಟ್ಟು ಚಿಲಕದ ಕಡ್ಡಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿದ್ದ. ಇವತ್ತು ತೂತು ಕೊರೆದು ತಂತಿ ಕಟ್ಟಿಯಾದರೂ ಸಿಕ್ಕಿಸಬಹುದು. ನಾಳೆ ಮೊಳೆ. ಕರೆಂಟಿಗೆ ಒಂದು ಅರ್ಜಿ. ಒಂದು ಕಿಟಕಿ ಒಡೆಸಬಹುದು. ಹೀಗೆ ಒಂದೊಂದೇ ಸೇರಿಸುತ್ತ ಹೋದಂತೆ ಕೋಣೆ ಇನ್ನೂ ಚೆಂದವಾಗುತ್ತ, ಇನ್ನೂ ಗಟ್ಟಿಯಾಗುತ್ತ ಹೋಯಿತು. ಚೆಂದದ ಕೋಣೆಯಿಂದ ಹೆಣ್ಣುಮಕ್ಕಳು ಯಾವತ್ತಾದರೂ ಮನೆಗೆ ಬಂದಾರೆಯೇ? ಮಿಡಿಗೇಶಿಯ ಬೆಟ್ಟ ಕಿಟಕಿಯಲ್ಲಿ ಬಂದು ಹಿಂದಕ್ಕೆ ಸರಿಯಿತು. ಕಡ್ಡಿ ಹಿಂದಕ್ಕೂ ಮುಂದಕ್ಕೂ ಹೋಗುತ್ತಿತ್ತು. ಅದಕ್ಕೆ ಒಂದು ಬೆರಳು ಸಾಕಾಗಿತ್ತು.

ಅವನು ಹಟ್ಟಿ ಮುಟ್ಟುವಾಗ ಆಸ್ಪತ್ರೆಯ ಗಾಡಿ ಆಗಲೇ ಬಂದು ಗಡಿ ಕಲ್ಲಿನಾಚೆ ನಿಂತಿತ್ತು. ದೀಪ ಹಚ್ಚುವ ಹೊತ್ತು. ಕಲ್ಲಿನ ಈಚೆ ಹಟ್ಟಿಯವರು ನಿಂತು ಕತ್ತು ಉದ್ದ ಮಾಡಿ ನೋಡುತ್ತಿದ್ದರು; ಯಾರೂ ಮುಂದೆ ಹೋಗರು. ಆಸ್ಪತ್ರೆಯಲ್ಲಿ ಮಗಳ ಜೊತೆಗಿದ್ದ ಗೌರಕ್ಕ ಬಟ್ಟೆಯ ಚೀಲ ಹಿಡಿದು, ಯಾರೂ ಹೇಳದೆಯೇ, ತಲೆ ತಗ್ಗಿಸಿ ಕೋಣೆಯ ಕಡೆ ನಡೆಯುತ್ತಿದ್ದಳು. ಅವಳ ಹಿಂದೆ ದಿವ್ಯ, ತಲೆಗೆ ಬಟ್ಟೆ ಸುತ್ತಿ, ಎದೆಗೆ ಗಂಟು ಒತ್ತಿಕೊಂಡು. “ಬಂದೇನ್ಲಾ ಮೇಸ್ತ್ರಿ” ಎಂದ ಕ್ಯಾತಪ್ಪ, ಇವನ ಮೈಯ ಸಿಮೆಂಟು ನೋಡಿ ನಗುತ್ತ. “ಸರಿಯಾದ ಹೊತ್ಗೆ ಬಂದೆ. ನೋಡ್ಲಾ, ಅರಮನೆ ಕಟ್ಸಿದ್ದೀಯ. ನಾನು ಸಾಯ್ತೀನಿ, ನೀನು ಸಾಯ್ತೀಯ, ಅದು ಮಾತ್ರ ನೂರು ವರ್ಷ ಅಲ್ಲಾಡಾಕಿಲ್ಲ.” ನೂರು ವರ್ಷ ಎಂಬ ಮಾತು ಅವನ ಕಿವಿಯೊಳಗೆ ಅಗುಳಿಯಂತೆ ಬಿತ್ತು. ಆಚೆ ದಿವ್ಯ ಕೆಂಪು ಬಾಗಿಲಿನ ಹತ್ತಿರ ನಿಂತಿದ್ದಳು. ಒಳಗೆ ಹೋಗಲಿಲ್ಲ. ಒಂದು ಕೈಯಲ್ಲಿ ಮಗುವನ್ನು ಹಿಡಿದು ಇನ್ನೊಂದು ಕೈಯನ್ನು ಬಾಗಿಲಿನ ಹಿಂದಕ್ಕೆ ಚಾಚಿ, ತಗಡನ್ನು ಮೇಲಿನಿಂದ ಕೆಳಗಿನವರೆಗೆ ಅಂಗೈಯಿಂದ ಒರೆಸಿ ಒರೆಸಿ ಹುಡುಕುತ್ತಿದ್ದಳು. ಆ ಕೈ ಎಲ್ಲಿ ಹೋಗುತ್ತಿದೆ, ಏನನ್ನು ಮುಟ್ಟುತ್ತಿದೆ ಎಂಬುದು ಅವನ ಅಂಗೈಗೆ ಗೊತ್ತಿತ್ತು. ಕೈ ನಿಂತಿತು. ಅವಳು ತಿರುಗಿ ಗುಂಪಿನಲ್ಲಿ ಅಪ್ಪನನ್ನು ಹುಡುಕಿ ನೋಡಿದಳು. ಬೈಯುವ ನೋಟವಲ್ಲ, ಅಳುವ ನೋಟವೂ ಅಲ್ಲ. ಸುಳ್ಳು ಹೇಳಿದ್ಯಾ, ಎಂದಷ್ಟೇ ಇತ್ತು ಅದರಲ್ಲಿ.

ಅವನು ಕಲ್ಲು ದಾಟಿದ. ಹಿಂದಿನಿಂದ ಯಾರೋ “ರಂಗ” ಎಂದರು. ಜೇಬಿನ ಚಿಲಕ ತೊಡೆಗೆ ಚುಚ್ಚುತ್ತಿತ್ತು, ತೆಗೆಯಲಿಲ್ಲ. ಮಗಳ ಮುಂದೆ ನಿಂತು ಕೈ ಚಾಚಿದ. ಸಿಮೆಂಟಿನ ಕೈ ಎಂದು ನೆನಪಾಗಿ, ಇಂದ್ರಮ್ಮನ ಚೀಲವನ್ನು ಕೆಳಗೆ ಹಾಕಿ, ಅಂಗಿಗೆ ಒರೆಸಿಕೊಂಡು ಮತ್ತೆ ಚಾಚಿದ. ದಿವ್ಯ ಸ್ವಲ್ಪ ಹೊತ್ತು ನೋಡಿ, ಮಗುವನ್ನು ಕೊಟ್ಟಳು. ಬೆಚ್ಚಗಿತ್ತು. ಹುಬ್ಬು ಕಾಣುವಷ್ಟು ಹತ್ತಿರವಿತ್ತು. “ನಡಿಯಮ್ಮ ಮನೆಗೆ” ಎಂದ. ತಿರುಗಿ ಹಟ್ಟಿಯ ಕಡೆ ನಡೆದಾಗ ಕ್ಯಾತಪ್ಪ ದೊಣ್ಣೆಯನ್ನು ಅಡ್ಡ ಹಿಡಿದು ಬಂದ. “ಲೇ, ಬುದ್ಧಿಗಿದ್ಧಿ ಕೆಟ್ಟೈತೇನ್ಲಾ? ಎಲ್ಲಿಗೆ ತಕ್ಕೊಂಡು ಬತ್ತಿದೀಯ? ನಿಲ್ಲು!” ರಂಗರಾಜು ನಿಲ್ಲಲಿಲ್ಲ. ಇನ್ನೆರಡು ಹೆಜ್ಜೆಗೆ ಮೈಗೆ ಮೈ ತಾಗುತ್ತಿತ್ತು. ಆಗ ಕ್ಯಾತಪ್ಪ ದೊಣ್ಣೆ ಸಮೇತ ಛಂಗನೆ ಪಕ್ಕಕ್ಕೆ ಹಾರಿದ. ಅವನ ಹಿಂದಿನವರು ಸರಿದರು, ಅವರ ಹಿಂದಿನವರು ಮಕ್ಕಳ ರಟ್ಟೆ ಹಿಡಿದು ಎಳೆದುಕೊಂಡರು. ತಡೆಯಬೇಕೆಂದರೆ ಅವನನ್ನು ಮುಟ್ಟಬೇಕಿತ್ತು. ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಯಾವ ಭಯ ಅಷ್ಟು ವರ್ಷ ಆ ದಾರಿಯನ್ನು ಮುಚ್ಚಿತ್ತೋ ಅದೇ ಭಯ ಈಗ ದಾರಿಯನ್ನು ಎರಡು ಹೋಳು ಮಾಡಿ ಬಿಟ್ಟುಕೊಟ್ಟಿತು. ಇಷ್ಟು ಸಲೀಸೇ, ಎಂದುಕೊಂಡ. ಇಷ್ಟು ಸಲೀಸಿದ್ದರೆ ಆವತ್ತು?

ಮನೆಯ ಮುಂದೆ ಗೌರಕ್ಕ ಓಡಿಬಂದು ಅಡ್ಡ ನಿಂತಳು. ಅವಳೊಬ್ಬಳಿಗೆ ಅವನನ್ನು ಮುಟ್ಟುವ ಭಯವಿರಲಿಲ್ಲ. ಅವನ ತೋಳನ್ನು ಎರಡೂ ಕೈಯಲ್ಲಿ ಹಿಡಿದು, “ಬ್ಯಾಡ, ಬ್ಯಾಡ, ನಿನ್ನ ಕಾಲಿಗೆ ಬೀಳ್ತೀನಿ” ಎಂದಳು. “ಆವತ್ತು ನಾನು ಮೈಲಿಗೇಲಿ ಬಂದು ಬಾಗ್ಲು ಮುಟ್ದೆ. ಅದ್ಕೇ ದ್ಯಾವ್ರು ನನ್ನ ಮಗೀನ ಕಿತ್ಕಂಡ. ಇದ್ನೂ ಕಿತ್ಕಂತಾನೆ.” ಇಷ್ಟು ವರ್ಷದಲ್ಲಿ ಅವಳು ಆ ಸಂಜೆಯ ಮಾತೆತ್ತಿದ್ದು ಇದೇ ಮೊದಲು. ಗಂಡನನ್ನು ಶಪಿಸುತ್ತ ಸುಮ್ಮನಿದ್ದಾಳೆಂದು ಅವನು ತಿಳಿದಿದ್ದ. ಅವಳು ಶಪಿಸಿಕೊಂಡದ್ದು ತನ್ನ ಕೈಯನ್ನೇ, ಬಾಗಿಲು ತಟ್ಟಿದ ಕೈಯನ್ನು. “ದ್ಯಾವ್ರು ಕಿತ್ಕಂಡಿಲ್ಲ ಕಣೇ” ಎಂದ. ಹಟ್ಟಿಯೆಲ್ಲ ದೂರದಲ್ಲಿ ನಿಂತು ಕೇಳುತ್ತಿತ್ತು. “ಬಾಗ್ಲಿಂದೆ ನಾನಿದ್ದೆ. ಚಿಲಕ ನನ್ನ ಕೈಯಾಗೇ ಇತ್ತು. ತಗೀಲಿಲ್ಲ. ಕೊಂದೋನು ನಾನು.”

ಗೌರಕ್ಕ ಅವನ ತೋಳು ಬಿಟ್ಟಳು. ಅವನ ಮುಖವನ್ನು, ಯಾವುದೋ ಹೊಸ ಊರಿನವನನ್ನು ನೋಡುವಂತೆ ನೋಡಿದಳು. ಆಮೇಲೆ ಬಾಗಿಲಿನತ್ತ ತಿರುಗಿ, ಎರಡೂ ಅಂಗೈಗಳನ್ನು ಹಲಗೆಯ ಮೇಲಿಟ್ಟು, ಹಾಗೇ ಒಂದು ಗಳಿಗೆ ನಿಂತಿದ್ದು, ನೂಕಿದಳು. ಬಾಗಿಲು ತೆರೆಯಿತು. ಮೊದಲು ದಿವ್ಯಳ ಕೈ ಹಿಡಿದು ಒಳಗೆ ದಾಟಿಸಿದಳು. ತಿರುಗಿ ಬಂದು, ಹೊಸ್ತಿಲಿನ ಒಳಗೇ ನಿಂತು ಕೈ ಚಾಚಿದಳು. ಅವನು ಮಗುವನ್ನು ಕೊಟ್ಟ. ಹಿಂದೆಯೇ ಒಂದು ಕಾಲು ಎತ್ತಿ ಹೊಸ್ತಿಲಿಗೆ ಇಡುವಷ್ಟರಲ್ಲಿ ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿದ್ದ ಸದ್ದು, ಹಟ್ಟಿಯ ಕಡೆಯ ಮನೆಗೂ ಕೇಳಿಸುವಷ್ಟು ಸ್ಪಷ್ಟವಾಗಿ ಕೇಳಿಸಿತು.

ಕ್ಯಾತಪ್ಪ ದೂರದಿಂದಲೇ ಕೂಗುತ್ತಿದ್ದ: ನಾಳೆ ಹಟ್ಟಿ ಸೇರುತ್ತದೆ, ನಲ್ಲಿ ನೀರು ಮುಟ್ಟಬೇಡಿ, ಬೆಂಕಿ ಕೊಡುವುದಿಲ್ಲ. ಉಳಿದವರು ಒಬ್ಬೊಬ್ಬರೇ ಬಾಗಿಲು ಹಾಕಿಕೊಂಡರು. ಮುಟ್ಟಿದವನು ಯಾವ ಮನೆಗೂ ಹೋಗುವಂತಿರಲಿಲ್ಲ. ಬೇಲಿಯಾಚೆ ಕೆಂಪು ಬಾಗಿಲು ತೆರೆದೇ ಇತ್ತು. ಅವನು ಕಟ್ಟಿಸಿದ ಕೋಣೆ, ಬೆಚ್ಚಗಿನ, ಸೋರದ, ನೂರು ವರ್ಷದ ಕೋಣೆ ಅವನಿಗಾಗಿ ಖಾಲಿ ಕಾಯುತ್ತಿತ್ತು. ಅವನು ಅದರ ಕಡೆಗೆ ಹೋಗಲಿಲ್ಲ. ಜಗಲಿಯ ಕೆಳಗೆ, ನೆಲದ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಕೂತ. ಒಳಗೆ ಮಗು ಅತ್ತಿತು, ಸುಮ್ಮನಾಯಿತು. ಗಾಳಿ ತಣ್ಣಗೆ ಬೀಸತೊಡಗಿತು. ಬಾಗಿಲು ಅವನ ಕೈಗೆಟಕುವಷ್ಟು ಹತ್ತಿರದಲ್ಲೇ ಇತ್ತು.

ಅವನು ತಟ್ಟಲಿಲ್ಲ.